ಗ್ವಾಂಗ್ಜು ಹತ್ಯಾಕಾಂಡದಲ್ಲಿ ಸತ್ತ ಸಾಮಾನ್ಯರನ್ನು ಕೊರಿಯಾದಲ್ಲಿ ಹೇಗೆ ನೆನೆಯುತ್ತಾರೆ?

ಮೊದಲ ಹಲವು ವರ್ಷ ಬಹಿರಂಗವಾಗಿ ನೆನೆಯಲೂ ಬಿಡಲಿಲ್ಲ. 1980ರ ಮೇ 18ರಂದು ದಕ್ಷಿಣ ಕೊರಿಯಾದ ಗ್ವಾಂಗ್ಜುವಿನಲ್ಲಿ ವಿದ್ಯಾರ್ಥಿಗಳು ಸೇನಾಡಳಿತದ ವಿರುದ್ಧ ಬೀದಿಗಿಳಿದರು. ಜನರಲ್ ಚುನ್ ಡೂ-ಹ್ವಾನ್ ಹಿಡಿತದಲ್ಲಿದ್ದ ಸೇನೆ ಊರಿಗೆ ಪ್ಯಾರಾಟ್ರೂಪರ್‌ಗಳನ್ನು ನುಗ್ಗಿಸಿತು. ಸತ್ತವರೆಲ್ಲ ಚಳವಳಿಗಾರರೇನಲ್ಲ. ಮೊದಲು ಬಲಿಯಾದವರಲ್ಲಿ ಒಬ್ಬ ಕಿವಿ ಕೇಳದ, ಮಾತು ಬಾರದ ಯುವಕ. ಲಾಠಿ ಏಟಿಗೆ ಸತ್ತ. ಗಾಯಾಳುಗಳಿಗೆ ರಕ್ತ ಕೊಟ್ಟು ಆಸ್ಪತ್ರೆಯಿಂದ ಹೊರಬಂದ ಶಾಲಾ ಹುಡುಗಿಗೆ ಗುಂಡು ತಗುಲಿತು. ಮೇ 24ರಂದು ಊರಂಚಿನಲ್ಲಿ ಆಡುತ್ತಿದ್ದ ಮಕ್ಕಳೂ ಸತ್ತರು. ಇವರನ್ನು ಸರ್ಕಾರ ಗಲಭೆಕೋರರ ಲೆಕ್ಕಕ್ಕೆ ಸೇರಿಸಿದ್ದು ನನಗೆ ಕೊಲೆಯಷ್ಟೇ ಘೋರವೆನಿಸುತ್ತದೆ.

ಹೆಣಗಳನ್ನು ಕಸದ ಲಾರಿಗಳಲ್ಲಿ ಸಾಗಿಸಿ ಮಾಂಗ್ವೊಲ್-ಡಾಂಗ್ ಸ್ಮಶಾನದಲ್ಲಿ ಹೂಳಲಾಯಿತು. ಅಲ್ಲಿ ಜನ ಸೇರಬಾರದೆಂದು, ಸಮಾಧಿಗಳನ್ನು ಬೇರೆಡೆಗೆ ಒಯ್ಯುವಂತೆ ಅಧಿಕಾರಿಗಳು ಕುಟುಂಬಗಳನ್ನು ಪೀಡಿಸಿದರು. ಆದರೂ ತಾಯಂದಿರು, ಹೆಂಡಂದಿರು ಪೊಲೀಸರನ್ನು ಎದುರಿಸಿ ಪ್ರತಿ ಮೇ ತಿಂಗಳಲ್ಲೂ ಅಲ್ಲಿಗೆ ಹೋಗುತ್ತಿದ್ದರು. ಈ ನೆನಪು ಉಳಿದಿರುವುದಕ್ಕೆ ಮುಖ್ಯ ಕಾರಣ ಅವರೇ ಎಂಬುದು ನನ್ನ ನಂಬಿಕೆ.

1997ರಲ್ಲಿ ಮೇ 18 ರಾಷ್ಟ್ರೀಯ ಸ್ಮರಣ ದಿನವಾಯಿತು. ಪಕ್ಕದಲ್ಲೇ ಹೊಸ ಸ್ಮಶಾನ ಕಟ್ಟಿ ಸಮಾಧಿಗಳನ್ನು ಅಲ್ಲಿಗೆ ಸ್ಥಳಾಂತರಿಸಿದರು. ಪತ್ತೆಯಾಗದವರಿಗೂ ಅಲ್ಲಿ ಹೆಸರು ಕೆತ್ತಿದ ಕಲ್ಲುಗಳಿವೆ. ನಾಗರಿಕರ ದಿನಚರಿ, ಆಸ್ಪತ್ರೆಯ ಚಿಕಿತ್ಸಾ ದಾಖಲೆಗಳನ್ನೂ ಒಳಗೊಂಡ ಸಂಗ್ರಹ 2011ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.