ಎಕ್ಮೋಗೆ ಒಪ್ಪಿಗೆ ಕೊಡುವ ಮುನ್ನ

ಎಚ್1ಎನ್1 ನ್ಯುಮೋನಿಯಾದಿಂದ ಐದು ದಿನಗಳಿಂದ ವೆಂಟಿಲೇಟರ್‌ನಲ್ಲಿರುವ ತಮ್ಮನಿಗೆ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ) ಹಾಕಿದರೆ ಶ್ವಾಸಕೋಶ ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಯಂತ್ರ ವಾಸಿ ಮಾಡುವುದಿಲ್ಲ, ಸುಧಾರಿಸಿಕೊಳ್ಳಲು ಸಮಯ ಕೊಡುತ್ತದೆ. ತೊಡೆಸಂದಿನ ರಕ್ತನಾಳದಿಂದ ಕಿರುಬೆರಳಿನಷ್ಟು ದಪ್ಪದ ಕೊಳವೆಯಲ್ಲಿ ಕಪ್ಪುಗೆಂಪು ರಕ್ತ ಹೊರಬಂದು, ಕೃತಕ ಪೊರೆಯಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು, ಆಮ್ಲಜನಕ ತುಂಬಿಕೊಂಡು ಸಾಮಾನ್ಯವಾಗಿ ಕತ್ತಿನ ನಾಳದ ಮೂಲಕ ಮರಳುತ್ತದೆ. ಎರಡು ಕೊಳವೆಗಳ ಬಣ್ಣದ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಆಗ ವೆಂಟಿಲೇಟರ್‌ನ ಒತ್ತಡವನ್ನು ಇಳಿಸಬಹುದು. ರೋಗಗ್ರಸ್ತ ಶ್ವಾಸಕೋಶವನ್ನು ಇನ್ನಷ್ಟು ಕೆಡಿಸುವುದು ಆ ಒತ್ತಡವೇ.

ಶ್ವಾಸಕೋಶ ತೀವ್ರವಾಗಿ ಕೆಟ್ಟ ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಇಯೋಲಿಯಾ ಅಧ್ಯಯನದಲ್ಲಿ 60 ದಿನಗಳೊಳಗೆ ಎಕ್ಮೋ ಗುಂಪಿನ ಶೇ 35, ವೆಂಟಿಲೇಟರ್ ಚಿಕಿತ್ಸೆಯನ್ನೇ ಮುಂದುವರಿಸಿದ ಗುಂಪಿನ ಶೇ 46 ರೋಗಿಗಳು ತೀರಿಕೊಂಡರು. ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಲ್ಲದಿದ್ದರೂ ನನಗದು ಭರವಸೆಯಂತೆಯೇ ಕಾಣುತ್ತದೆ.

ಅಪಾಯವೂ ಸಣ್ಣದಲ್ಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ ಮಿದುಳಿನಲ್ಲೂ ರಕ್ತಸ್ರಾವವಾಗಬಹುದು. ಖರ್ಚು ದಿನದ ಲೆಕ್ಕದಲ್ಲಿ ಏರುತ್ತದೆ, ಬರಹದಲ್ಲಿ ಅಂದಾಜು ಪಡೆಯಿರಿ.

ಇಂದೇ ವೈದ್ಯರನ್ನು ಕೇಳಿ: ಆಮ್ಲಜನಕ ಏರುತ್ತದೆಯೇ ಎಂದು ಬೋರಲು ಮಲಗಿಸಿ ನೋಡಿದ್ದಾರೆಯೇ? ಈ ತಂಡ ವರ್ಷಕ್ಕೆ ಎಷ್ಟು ಎಕ್ಮೋ ಮಾಡುತ್ತದೆ? ಅನುಭವ ಕಡಿಮೆಯಿದ್ದರೆ ಬೇರೆಡೆಗೆ ಸಾಗಿಸಬಹುದೇ? ಹೆಚ್ಚಿನ ಒತ್ತಡದ ವೆಂಟಿಲೇಟರ್‌ನಲ್ಲಿ ವಾರ ದಾಟಿದರೆ ಎಕ್ಮೋದ ಪ್ರಯೋಜನ ಕುಗ್ಗುತ್ತದೆ. ದಯವಿಟ್ಟು ನಾಳೆಗೆ ಮುಂದೂಡಬೇಡಿ.