ಶೇ. 93 ಎಂಬ ಗೆರೆಯ ಬಗ್ಗೆ

ಮಾನ್ಯರೇ,

ಸಾಂಕ್ರಾಮಿಕ ರೋಗಗಳ ಗಣಿತ ಮಾದರಿಗಳನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಸಿಡುಬಿನ ಬಗ್ಗೆ 1760ರಲ್ಲಿ ಗಣಿತಜ್ಞ ಡೇನಿಯಲ್ ಬರ್ನೂಲಿ ಮಾಡಿದ ಲೆಕ್ಕದಿಂದ ಆರಂಭಿಸಿರುವುದು ಸೊಗಸಾಗಿದೆಯಾದರೂ, ಈಗಿನ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ.

ಯಾರಿಗೂ ರೋಗನಿರೋಧಕ ಶಕ್ತಿಯಿಲ್ಲದ ಸಮುದಾಯದಲ್ಲಿ ಒಬ್ಬ ದಡಾರ ರೋಗಿ ಸರಾಸರಿ 15 ಮಂದಿಗೆ ಸೋಂಕು ಹರಡುವುದಾದರೆ, 15ರಲ್ಲಿ 14 ಮಂದಿಗೆ, ಅಂದರೆ ಶೇ. 93ರಷ್ಟು (93.3) ಜನರಿಗೆ ಲಸಿಕೆ ಹಾಕಿದರೆ, ಪ್ರತಿ ರೋಗಿ ಸರಾಸರಿ ಒಬ್ಬರಿಗಷ್ಟೇ ಸೋಂಕು ದಾಟಿಸುವುದರಿಂದ, ರೋಗ ಹಬ್ಬದಂತೆ ತಡೆಯಲು ಸಾಕೆಂದು ಬರೆದಿದ್ದೀರಿ. ಭಾಗಾಕಾರದಲ್ಲಿ ದೋಷವಿಲ್ಲ, ಆದರೆ ಲಸಿಕೆ ಪಡೆದವರೆಲ್ಲರಿಗೂ ರಕ್ಷಣೆ ಸಿಕ್ಕಿತೆಂದು ಸದ್ದಿಲ್ಲದೆ ಊಹಿಸಿಕೊಂಡುಬಿಟ್ಟಿದ್ದೀರಿ. ದಡಾರದ ಲಸಿಕೆಯ ಒಂದು ಡೋಸ್ ಸುಮಾರು ಶೇ. 93 ಮಂದಿಯನ್ನೂ ಎರಡು ಡೋಸ್‌ಗಳು ಸುಮಾರು ಶೇ. 97 ಮಂದಿಯನ್ನೂ ಕಾಪಾಡುತ್ತವೆ. ನಿಮ್ಮ 93.3ನ್ನು 0.97ರಿಂದ ಭಾಗಿಸಿದರೆ ಉತ್ತರ 96ನ್ನು ದಾಟುತ್ತದೆ, 0.93ರಿಂದ ಭಾಗಿಸಿದರೆ ನೂರನ್ನೇ ಮೀರುತ್ತದೆ, ಅಂದರೆ ಒಬ್ಬರನ್ನೂ ಬಿಡದೆ ಎಲ್ಲರಿಗೂ ಒಂದೊಂದು ಡೋಸ್ ಹಾಕಿದರೂ ಸಾಲದು. ಎರಡನೆಯ ಡೋಸ್ ಏಕೆ ಬೇಕೆಂಬುದು ಇಷ್ಟು ಚಿಕ್ಕ ಲೆಕ್ಕದಲ್ಲಿ ಅಡಗಿರುವಾಗ, ಆರು ಪುಟಗಳ ಲೇಖನದಲ್ಲಿ ಅದರ ಸುಳಿವೇ ಇಲ್ಲದಿರುವುದು ನನಗೆ ಬೇಸರ ತಂದಿತು.

ಪ್ರತಿಯೊಬ್ಬರೂ ಉಳಿದೆಲ್ಲರೊಡನೆ ಸಮಾನವಾಗಿ ಬೆರೆಯುತ್ತಾರೆಂಬುದು ಈ ಸೂತ್ರದ ಹಿಂದಿರುವ ಇನ್ನೊಂದು ಊಹೆ. ಲಸಿಕೆ ಪಡೆಯದವರು ಒಂದೆಡೆ ಗುಂಪುಗೂಡಿದ್ದರೆ, ಒಟ್ಟು ಸರಾಸರಿ ಎಷ್ಟೇ ಮೇಲಿದ್ದರೂ, ಆ ಗುಂಪಿನೊಳಗೆ ರೋಗ ಹಬ್ಬಬಲ್ಲದು.

ವಿಜ್ಞಾನಿಗಳಾದ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರ ತಮ್ಮ ಪ್ರಬಂಧದಲ್ಲಿ, ರೋಗ ಹರಡುವ ಬಗೆಯನ್ನು ಹೇಳುವ ತಮ್ಮ ಸಮೀಕರಣವನ್ನು 1905–06ರ ಬಾಂಬೆ ಪ್ಲೇಗಿನ ಸಾವಿನ ಅಂಕಿಗಳೊಡನೆ ಹೋಲಿಸಿದ್ದನ್ನು ನೀವು ‘ಮಾದರಿಯ ದಿಗ್ವಿಜಯ’ ಎಂದು ಕರೆದಿದ್ದೀರಿ. (ಆ ಪದವನ್ನು ದಯವಿಟ್ಟು ಕೈಬಿಡಿ.) ವಕ್ರರೇಖೆ ಅಂಕಿಗಳಿಗೆ ಚೆನ್ನಾಗಿಯೇ ಹೊಂದಿತು. ಆದರೆ ಆ ಪ್ಲೇಗನ್ನು ಮನುಷ್ಯರಿಗೆ ಅಂಟಿಸಿದ್ದು ಇಲಿಗಳ ಚಿಗಟಗಳು. ಸಮೀಕರಣದಲ್ಲಿ ಚಿಗಟಕ್ಕೆ ಸ್ಥಾನವೇ ಇಲ್ಲ. ಮನುಷ್ಯರ ಪ್ಲೇಗ್ ಇಲಿಗಳ ಪ್ಲೇಗಿನ ಪ್ರತಿಬಿಂಬವೆಂದು ತಾವು ಊಹಿಸಿಕೊಂಡಿರುವುದಾಗಿ ಅವರೇ ಆ ಪ್ರಬಂಧದಲ್ಲಿ ಬರೆದಿದ್ದಾರೆ. ಅವರು ಬಹಿರಂಗವಾಗಿ ಹೇಳಿಕೊಂಡದ್ದನ್ನು ನೀವು ಓದುಗರಿಂದ ಮರೆಮಾಡಿದಂತಾಗಿದೆ.

ಮೂರನೆಯ ಮತ್ತು ಐದನೆಯ ಪುಟಗಳನ್ನು ಹೊಸದಾಗಿ ಬರೆಯಿರಿ. ಪ್ರತಿ ಸೂತ್ರದ ಪಕ್ಕದಲ್ಲಿಯೇ ಅದರ ಹಿಂದಿರುವ ಊಹೆಗಳನ್ನು ಸರಳ ವಾಕ್ಯಗಳಲ್ಲಿ ತಿಳಿಸಿ, ಎರಡು ಡೋಸ್‌ಗಳ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ತೋರಿಸಿ ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ.

ಇಂತಿ,
ಸಂಪಾದಕ