25 ವರ್ಷದ ರಜೆಯನ್ನು ಇವತ್ತೇ ಕೊಳ್ಳಬೇಕಾ?

ಪ್ರಶ್ನೆ: ನನಗೆ 38, ಪತಿಗೆ 41. ಮೈಸೂರಿನಲ್ಲಿದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಕ್ಕಳಿಲ್ಲ. ಕೆಲವು ವರ್ಷ ಚಿಕಿತ್ಸೆ ತಗೊಂಡು, ಆಮೇಲೆ ಸಾಕು ಎಂದು ಇಬ್ಬರೂ ಸೇರಿಯೇ ತೀರ್ಮಾನಿಸಿದೆವು. ಈಚೆಗೆ ಮಾಲ್‌ನಲ್ಲಿ ಒಂದು ಕೂಪನ್ ತುಂಬಿ ಬಂದಿದ್ದೆವು. ‘ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬನ್ನಿ’ ಎಂದು ಫೋನ್ ಬಂತು. ಹೋಟೆಲೊಂದರಲ್ಲಿ ಮೂರು ಗಂಟೆ ಕೂರಿಸಿಕೊಂಡು ಹಾಲಿಡೇ ಮೆಂಬರ್‌ಶಿಪ್ ಬಗ್ಗೆ ಹೇಳಿದರು. 4.5 ಲಕ್ಷ ರೂಪಾಯಿ, 25 ವರ್ಷ, ವರ್ಷಕ್ಕೆ ಏಳು ರಾತ್ರಿ, ನಾಲ್ಕು ಜನ ಇರಬಹುದಾದ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ವರ್ಷಕ್ಕೆ 18,000 ನಿರ್ವಹಣಾ ಶುಲ್ಕ ಬೇರೆ. ‘ಇದು ಆಸ್ತಿ ಇದ್ದ ಹಾಗೆ, ಬೇಡವಾದರೆ ಮಾರಬಹುದು’ ಎಂದರು. ಮಕ್ಕಳೆಷ್ಟು ಎಂದು ಕೇಳಿದ ಹುಡುಗ, ಇಲ್ಲ ಎಂದಾಗ ‘ಹಾಗಾದ್ರೆ ನಿಮಗೆ ಖರ್ಚೇ ಇಲ್ಲ ಸರ್’ ಅಂದ. ಪತಿ ಅಲ್ಲೇ ಕಾರ್ಡಿನಲ್ಲಿ 25,000 ಮುಂಗಡ ಕೊಟ್ಟರು. ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ. ‘ಅಕ್ಕನ ಮಕ್ಕಳನ್ನು ಪ್ರತಿ ವರ್ಷ ಕರ್ಕೊಂಡು ಹೋಗಬಹುದು’ ಎಂದು ಅವರಿಗೆ ಆಸೆ. ಆ ಮಕ್ಕಳಿಗೆ 13 ಮತ್ತು 9. ನನಗೆ ಈ ಮೆಂಬರ್‌ಶಿಪ್ ಬೇಡ ಅನ್ನಿಸುತ್ತಿದೆ. ಆದರೆ ಬೇಡ ಎಂದರೆ ಆ ಮಕ್ಕಳೇ ಬೇಡ ಎಂದಂತೆ ಅವರಿಗೆ ಕೇಳಿಸುತ್ತದೆ. ನಾನು ಸ್ವಾರ್ಥಿಯಾ?

ಉತ್ತರ: ಮೊದಲು ಆ 25,000ದ ವಿಷಯ, ಯಾಕೆಂದರೆ ಅದಕ್ಕೆ ಗಡುವು ಇರಬಹುದು. ಮನಸ್ಸಿನ ವಿಷಯ ಆಮೇಲೆ ನೋಡೋಣ.

ಮುಂಗಡ ಕೊಟ್ಟಾಗ ಒಂದು ಅರ್ಜಿಗೋ ರಸೀದಿಗೋ ಪತಿ ಸಹಿ ಹಾಕಿರಬೇಕು. ಅದರ ಹಿಂಬದಿಯ ಸಣ್ಣಕ್ಷರಗಳನ್ನು ಇವತ್ತೇ ಓದಿ. ಯುರೋಪಿನ ದೇಶಗಳಲ್ಲಿ ಇಂಥ ಟೈಮ್‌ಶೇರ್ (ವರ್ಷಕ್ಕೆ ಇಷ್ಟು ರಾತ್ರಿ ಎಂದು ರೆಸಾರ್ಟಿನಲ್ಲಿ ಉಳಿಯುವ ಹಕ್ಕು) ಕೊಂಡವರಿಗೆ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ಕಾನೂನಿನಲ್ಲೇ ಇದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಮಾಡಿದ ಕಾನೂನು ಇಲ್ಲ. ಹಾಗಾಗಿ ಎಷ್ಟು ದಿನದೊಳಗೆ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಎನ್ನುವುದು ಆ ಕಾಗದದಲ್ಲಿ ಏನು ಬರೆದಿದೆಯೋ ಅದರ ಮೇಲೆ ನಿಂತಿದೆ. ಕಂಪನಿಗೆ ಒಂದು ಇಮೇಲ್ ಹಾಕಿ: ‘ಒಪ್ಪಂದದ ಪೂರ್ತಿ ಕರಡು ಕಳಿಸಿ, ರದ್ದತಿಯ ನಿಯಮ ಬರಹದಲ್ಲಿ ತಿಳಿಸಿ, ಅಲ್ಲಿಯವರೆಗೆ ಮುಂದಿನ ಕಂತು ಕಟ್ಟುವುದಿಲ್ಲ.’ ಫೋನಿನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಫೋನು ಮಾಡಿದರೆ ಅವರು ಮತ್ತೆ ಮುಖತಃ ಬನ್ನಿ ಎನ್ನುತ್ತಾರೆ, ಮತ್ತೆ ಮೂರು ಗಂಟೆ. ಬೇಡ ಎಂದು ತೀರ್ಮಾನವಾದರೆ ಅದನ್ನೂ ಇಮೇಲ್‌ನಲ್ಲಿ ಮತ್ತು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ಇರುವ ಊರಿನಲ್ಲೇ ದೂರು ಕೊಡಬಹುದು.

ಈಗ ಲೆಕ್ಕ. ಆ ಹುಡುಗ ನಿಮಗೆ ಹೀಗೆ ಲೆಕ್ಕ ಹಾಕಿ ತೋರಿಸಿರುತ್ತಾನೆ: 4.5 ಲಕ್ಷವನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 18,000. ಅದನ್ನು ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 2,600ಕ್ಕಿಂತ ಕಮ್ಮಿ. ಇಷ್ಟು ಕಮ್ಮಿಗೆ ರೆಸಾರ್ಟ್ ಎಲ್ಲಿ ಸಿಗುತ್ತದೆ ಸರ್? ಹೌದು, ಎಲ್ಲೂ ಸಿಗುವುದಿಲ್ಲ. ಅಲ್ಲೂ ಸಿಗುವುದಿಲ್ಲ.

ನಿರ್ವಹಣಾ ಶುಲ್ಕ ಸೇರಿಸಿ. ರಾತ್ರಿಗೆ 5,000 ದಾಟಿತು. ಅದೇ 4.5 ಲಕ್ಷವನ್ನು ಬ್ಯಾಂಕಿನಲ್ಲಿ ಶೇ 6.5ರ ಠೇವಣಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 29,250 ಬಡ್ಡಿ ಬರುತ್ತಿತ್ತು, ಅದಕ್ಕೊಂದಿಷ್ಟು ತೆರಿಗೆ ಹೋಗುತ್ತದೆ ಬಿಡಿ. ಆ ಬಡ್ಡಿಗೆ ನೀವು ಕಟ್ಟುವ 18,000 ಸೇರಿಸಿದರೆ 47,250. ಏಳು ರಾತ್ರಿಗೆ ಹಂಚಿದರೆ ಒಂದು ರಾತ್ರಿಗೆ 6,750. ಇದು ನಿಮ್ಮ ನಿಜವಾದ ಬಾಡಿಗೆ. ಊಟ ಬೇರೆ, ಪ್ರಯಾಣ ಬೇರೆ. ಠೇವಣಿಯಲ್ಲಿದ್ದಿದ್ದರೆ 25 ವರ್ಷದ ನಂತರವೂ ಅಸಲು ನಿಮ್ಮ ಕೈಲಿರುತ್ತಿತ್ತು, ಇಲ್ಲಿ ಅದೂ ಕರಗಿರುತ್ತದೆ.

‘ಹೋಟೆಲ್ ದರ ಏರುತ್ತಾ ಹೋಗುತ್ತದೆ, ನಿಮ್ಮದು ಇವತ್ತಿನ ಬೆಲೆಗೇ ನಿಂತಿರುತ್ತದೆ’ ಎನ್ನುವುದು ಅವರ ದೊಡ್ಡ ಅಸ್ತ್ರ. ಅರ್ಧ ನಿಜ. ಏರುವುದೇನೋ ಹೌದು, ಆದರೆ ನಿರ್ವಹಣಾ ಶುಲ್ಕವೂ ಏರುತ್ತದೆ. ಅದು ವರ್ಷಕ್ಕೆ ಶೇ 6ರಂತೆ ಏರಿತು ಎಂದಿಟ್ಟುಕೊಳ್ಳಿ. 25ನೇ ವರ್ಷ ನೀವು ಕಟ್ಟುವುದು ಸುಮಾರು 73,000. ಆಗ ನಿಮಗೆ 62 ದಾಟಿರುತ್ತದೆ, ಪತಿಗೆ 65. ಮಂಡಿ ನೋವಿನಿಂದ ಎಲ್ಲೂ ಹೋಗದ ವರ್ಷವೂ ಅದನ್ನು ಕಟ್ಟಲೇಬೇಕು. ಹೋಟೆಲಾದರೆ ಹೋಗದ ವರ್ಷ ಒಂದು ಪೈಸೆಯೂ ಇಲ್ಲ. ನನ್ನನ್ನು ಕೇಳಿದರೆ ಇಡೀ ಒಪ್ಪಂದದಲ್ಲಿ ಮುಖ್ಯವಾದ ಸಾಲು ಈ ಶುಲ್ಕ ಏರಿಸುವುದಕ್ಕೆ ಮಿತಿ ಇದೆಯೋ ಇಲ್ಲವೋ ಎನ್ನುವುದು. ರೆಸಾರ್ಟಿನ ಈಜುಕೊಳದ ಫೋಟೋ ಅಲ್ಲ.

‘ಆಸ್ತಿ’ ಎಂದರಲ್ಲ, ಅದು ಸುಳ್ಳು. ನೀವು ಕೊಳ್ಳುತ್ತಿರುವುದು ಉಳಿದುಕೊಳ್ಳುವ ಹಕ್ಕು, ಅಷ್ಟೇ. ನಿಮ್ಮ ಹೆಸರಿಗೆ ಖಾತೆ ಆಗುವುದಿಲ್ಲ, ಗೋಡೆಯ ಒಂದು ಇಟ್ಟಿಗೆಯೂ ನಿಮ್ಮದಲ್ಲ. ಮಾರಬಹುದಾ? ಓಎಲ್‌ಎಕ್ಸ್ ತೆಗೆದು ಇಂಥ ಮೆಂಬರ್‌ಶಿಪ್ ಮಾರಾಟಕ್ಕಿಟ್ಟವರು ಎಷ್ಟು ಕೇಳುತ್ತಿದ್ದಾರೆ ಎಂದು ಪತಿಯ ಪಕ್ಕದಲ್ಲೇ ಕೂತು ನೋಡಿ. ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ. ‘ರೂಮ್ ಉಪಯೋಗಿಸದಿದ್ದರೆ ಹೆಚ್ಚಿನ ದುಡ್ಡು ವಾಪಸ್ ಕೊಡುತ್ತೇವೆ’ ಎಂದೇನಾದರೂ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮುಂಬೈನ ಪ್ಯಾನ್‌ಕಾರ್ಡ್ ಕ್ಲಬ್ಸ್ ಹೀಗೆಯೇ ರೂಮಿನ ರಾತ್ರಿಗಳ ಹೆಸರಲ್ಲಿ ಜನರಿಂದ ದುಡ್ಡು ಎತ್ತಿತ್ತು. ಸುಮಾರು 7,000 ಕೋಟಿ ವಾಪಸ್ ಕೊಡಿ ಎಂದು 2016ರಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಆದೇಶ ಮಾಡಿತು. ಎಲ್ಲರೂ ಹಾಗಲ್ಲ. ಸ್ಟರ್ಲಿಂಗ್ 1986ರಿಂದ, ಮಹೀಂದ್ರ 1996ರಿಂದ ಈ ವ್ಯಾಪಾರದಲ್ಲಿವೆ, ಅವಕ್ಕೆ ನಿಜವಾದ ರೆಸಾರ್ಟ್‌ಗಳಿವೆ, ಪ್ರತಿ ಬೇಸಿಗೆ ಖುಷಿಯಾಗಿ ಹೋಗಿಬರುವ ಕುಟುಂಬಗಳೂ ಇವೆ. ಯಾವ ಕುಟುಂಬಗಳು ಎನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಈ ವ್ಯಾಪಾರ ನಡೆಯುವುದು ಶಾಲೆಯ ಕ್ಯಾಲೆಂಡರ್ ಮೇಲೆ. ಏಪ್ರಿಲ್-ಮೇ, ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ. ಮಕ್ಕಳಿರುವವರು ಬೇರೆ ದಿನ ಹೊರಡಲಾರರು. ಆ ವಾರಗಳಲ್ಲಿ ಹೋಟೆಲ್‌ಗಳು ಎರಡು ಪಟ್ಟು, ಮೂರು ಪಟ್ಟು ಕೇಳುತ್ತವೆ. ಅಂಥವರಿಗೆ ನಾಲ್ಕು ಜನರ ಅಪಾರ್ಟ್‌ಮೆಂಟ್, ಮಕ್ಕಳಿಗೆ ಆಟ, ಅಪ್ಪ ಅಮ್ಮನಿಗೆ ಒಂದಿಷ್ಟು ನೆಮ್ಮದಿ, ಇದೆಲ್ಲ ಸೇರಿ ದುಡ್ಡು ದಕ್ಕಿತು ಅನ್ನಿಸಬಹುದು. ಅದಕ್ಕೇ ವರ್ಷವನ್ನು ಸೀಸನ್‌ಗಳಾಗಿ ಹೋಳು ಮಾಡಿ, ರಜೆಯ ವಾರಗಳಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕಟ್ಟುತ್ತಾರೆ.

ನೀವು ಆ ಕ್ಯಾಲೆಂಡರ್‌ಗೆ ಕಟ್ಟುಬಿದ್ದವರಲ್ಲ. ಫೆಬ್ರವರಿಯ ಒಂದು ಮಂಗಳವಾರ ಮಡಿಕೇರಿಗೆ ಹೋಗಬಹುದು, ಅಬ್ಬಿ ಫಾಲ್ಸ್ ದಾರಿಯಲ್ಲಿ ಕಾರುಗಳ ಸಾಲೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಜೋಗಕ್ಕೆ ಹೋಗಿ ಮಯೂರ ಗೇರುಸೊಪ್ಪದಲ್ಲಿ ಒಂದು ರಾತ್ರಿ ಇರಬಹುದು. ಡಿಸೆಂಬರ್ ಮೊದಲ ವಾರ ಹಂಪಿಯಲ್ಲಿ ಬಿಸಿಲು ಹಿತವಾಗಿರುತ್ತದೆ, ಕೊನೆಯ ವಾರದ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಕಾರವಾರದ ದೇವಬಾಗಕ್ಕೆ ಹೋಗಬೇಕಾ, ಸಕಲೇಶಪುರದ ಯಾವುದೋ ತೋಟದ ಹೋಂಸ್ಟೇನಲ್ಲಿ ಸುಮ್ನೆ ಮಲಗಿ ಬರಬೇಕಾ ಎಂದು ಗುರುವಾರ ರಾತ್ರಿ ಊಟ ಮಾಡುತ್ತಾ ತೀರ್ಮಾನಿಸಬಹುದು. ವಾರದ ನಡುವಿನ ರೂಮಿಗೆ ಎಷ್ಟೋ ಕಡೆ ವಾರಾಂತ್ಯಕ್ಕಿಂತ ಕಮ್ಮಿ ದರ. ನಿಮ್ಮ ಹತ್ತಿರ ಈಗಾಗಲೇ ಇರುವ ಈ ಸ್ವಾತಂತ್ರ್ಯವನ್ನು ಬಿಟ್ಟು, ಅದಿಲ್ಲದವರಿಗೆಂದು ಮಾಡಿದ ಏರ್ಪಾಟಿಗೆ 4.5 ಲಕ್ಷ ಕೊಡುವುದು ನನಗೆ ಅರ್ಥವಾಗುವುದಿಲ್ಲ. ಇಬ್ಬರಿಗೆ ನಾಲ್ವರ ಅಪಾರ್ಟ್‌ಮೆಂಟ್ ಯಾಕೆ ಎನ್ನುವುದಂತೂ ಇನ್ನೂ ಅರ್ಥವಾಗುವುದಿಲ್ಲ.

ಪ್ರಪಂಚದ ಸಾವಿರಾರು ರೆಸಾರ್ಟ್‌ಗಳಿಗೆ ಬದಲಾಯಿಸಿಕೊಳ್ಳಬಹುದು ಎಂದೂ ಹೇಳಿರುತ್ತಾರೆ. ಆರ್‌ಸಿಐನಂಥ ವಿನಿಮಯ ಸಂಸ್ಥೆಗಳು 1974ರಿಂದ ಇವೆ, ಆ ವ್ಯವಸ್ಥೆ ನಿಜವೇ. ಆದರೆ ಪ್ರತಿ ವಿನಿಮಯಕ್ಕೂ ಶುಲ್ಕ ಇದೆ. ನಿಮಗೆ ಬೇಕಾದ ವಾರ ಅಲ್ಲಿ ಖಾಲಿ ಇದ್ದರೆ ಮಾತ್ರ ಸಿಗುತ್ತದೆ.

ಆದರೆ ನಿಮ್ಮ ಪತಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಮೂರು ಗಂಟೆ ಕೂತವರು, ಮನಸ್ಸಿನಲ್ಲೇ ಒಂದಿಷ್ಟು ಭಾಗಾಕಾರ ಮಾಡಿಯೇ ಇರುತ್ತಾರೆ. ‘ಮಕ್ಕಳೆಷ್ಟು’ ಎಂಬ ಪ್ರಶ್ನೆ, ಆಮೇಲೆ ‘ಖರ್ಚೇ ಇಲ್ಲ’ ಎಂಬ ಮಾತು, ಅದರ ಬೆನ್ನಿಗೇ ಕಾರ್ಡು ಹೊರಬಂತು. ನೀವೇ ಬರೆದ ಕ್ರಮ ಅದು. ಆ ಹುಡುಗನ ಮಾತು ನಿಮಗೆ ಚುಚ್ಚಿದೆ, ಅದಕ್ಕೇ ಪತ್ರದಲ್ಲಿ ಬಂದಿದೆ. ಅವರಿಗೂ ಚುಚ್ಚಿರಬಹುದು. ನೀವು ಒಳಗೇ ಬೇಡ ಎಂದುಕೊಂಡಿರಿ, ಅವರು ಅಕ್ಕನ ಮಕ್ಕಳನ್ನು ನೆನೆಸಿಕೊಂಡು ದುಡ್ಡು ಕೊಟ್ಟರು. ಇದು ನನ್ನ ಊಹೆ. ತಪ್ಪಿದ್ದರೂ ಇರಬಹುದು, ಆದರೆ ಅವರನ್ನೇ ಕೇಳಿ ನೋಡಬಹುದಾದ ಊಹೆ. ಚಿಕಿತ್ಸೆ ಸಾಕು ಎಂದು ಇಬ್ಬರೂ ಸೇರಿ ತೀರ್ಮಾನಿಸಿದಿರಿ, ಸರಿ. ತೀರ್ಮಾನ ಆದಮೇಲೆ ಅದರ ಬಗ್ಗೆ ಮಾತಾಡಿದ್ದೀರಾ?

ಅಕ್ಕನ ಮಕ್ಕಳ ವಿಷಯಕ್ಕೆ ಬರುತ್ತೇನೆ. ಒಪ್ಪಂದ 25 ವರ್ಷದ್ದು. ಅದು ಮುಗಿಯುವಾಗ ದೊಡ್ಡ ಮಗುವಿಗೆ 38, ಅಂದರೆ ಈಗಿನ ನಿಮ್ಮ ವಯಸ್ಸು! ಅತ್ತೆ ಮಾವನ ಜೊತೆ ರೆಸಾರ್ಟಿಗೆ ಬರುವ ಉತ್ಸಾಹ ಮಕ್ಕಳಿಗೆ ಎಷ್ಟು ವರ್ಷ ಇರುತ್ತದೆ? ದೊಡ್ಡದಕ್ಕೆ ಇನ್ನೆರಡು ವರ್ಷದಲ್ಲಿ ಎಸ್ಸೆಸ್ಸೆಲ್ಸಿ, ಅದರ ಹಿಂದೆಯೇ ಪಿಯುಸಿ, ಸಿಇಟಿ, ನೀಟು. ಬೇಸಿಗೆ ರಜೆಯೆಲ್ಲ ಟ್ಯೂಷನ್‌ಗೆ ಹೋಗುತ್ತದೆ. ಆ ಮಕ್ಕಳ ಜೊತೆ ನಿಮಗೆ ನಿಜವಾಗಿ ಸಿಗುವುದು ಮುಂದಿನ ಕೆಲವೇ ವರ್ಷ. ಅದಕ್ಕೆ ಒಪ್ಪಂದ ಬೇಕಾಗಿಲ್ಲ. ಈ ಬೇಸಿಗೆಯಲ್ಲಿ ಎರಡು ರೂಮು ಹಿಡಿದು ಮೂರು ದಿನ ಕರ್ಕೊಂಡು ಹೋಗಿ. ಭೀಮೇಶ್ವರಿಗೋ ಕಬಿನಿಗೋ, ಜಂಗಲ್ ಲಾಡ್ಜಸ್‌ನವರ ಜಾಗ ಮೈಸೂರಿನವರಿಗೆ ದೂರವಲ್ಲ. ಕಬಿನಿ ದುಬಾರಿ ಎನ್ನಿಸಿದರೆ ಭೀಮೇಶ್ವರಿ. ಒಂಬತ್ತರ ಮಗು ಅದನ್ನು ಮರೆಯುವುದಿಲ್ಲ. ಪತಿಗೆ ‘ಮೆಂಬರ್‌ಶಿಪ್ ಬೇಡ’ ಎಂದು ಶುರುಮಾಡಬೇಡಿ. ‘ಈ ಬೇಸಿಗೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರ್ಕೊಂಡು ಹೋಗೋಣ?’ ಎಂದು ಶುರುಮಾಡಿ. ಆಗ ನಿಮ್ಮ ‘ಬೇಡ’ ಎನ್ನುವುದು ಮಕ್ಕಳಿಗೆ ಹೇಳಿದ್ದಲ್ಲ, ಕಂಪನಿಗೆ ಹೇಳಿದ್ದು ಎಂದು ಅವರಿಗೆ ತಾನಾಗೇ ತಿಳಿಯುತ್ತದೆ.

ಪತಿಯ ಅಕ್ಕನ ಮನೆಯವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರ್ಷಕ್ಕೆ ಏಳು ರಾತ್ರಿ ನಿಮ್ಮ ಹೆಸರಲ್ಲಿದೆ ಎಂದು ಗೊತ್ತಾದಮೇಲೆ, ಯಾವುದೋ ವರ್ಷ ‘ಈ ಸಲ ನೀವು ಬರದಿದ್ದರೂ ಪರವಾಗಿಲ್ಲ, ನಾವೇ ಹೋಗಿಬರ್ತೀವಿ’ ಎಂಬ ಮಾತು ಬಂದೇ ಬರುತ್ತದೆ. ಕೆಟ್ಟವರು ಅಂತಲ್ಲ, ಹಾಗೇ ಆಗುವುದು. ಮಕ್ಕಳಿಲ್ಲದವರ ದುಡ್ಡು ಮನೆಮಂದಿಗೆಲ್ಲ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ. ಆಗ ಶುಲ್ಕ ನಿಮ್ಮದು, ರಜೆ ಅವರದು. ಕೊಡಲು ಮನಸ್ಸಿದ್ದರೆ ಕೊಡಿ, ತಪ್ಪಿಲ್ಲ. ಕೊಡುತ್ತಿದ್ದೇವೆ ಎಂದು ತಿಳಿದು ಕೊಡಿ.

‘ನಿಮಗೆ ಖರ್ಚೇ ಇಲ್ಲ’ ಎಂದ ಹುಡುಗನಿಗೆ ಒಂದು ಉತ್ತರ ಬಾಕಿ ಇದೆ. ಖರ್ಚು ಇದೆ, ಮುಂದೆ ಇದೆ. ವಯಸ್ಸಾದಾಗ ಆಸ್ಪತ್ರೆಗೆ ಓಡಾಡಲು, ಮನೆಯಲ್ಲಿ ನೋಡಿಕೊಳ್ಳಲು ನಿಮಗೆ ದುಡ್ಡು ಕೊಟ್ಟು ಜನ ಇಟ್ಟುಕೊಳ್ಳಬೇಕಾಗಬಹುದು. ಮಕ್ಕಳಿದ್ದವರೂ ಇವತ್ತು ಅದನ್ನೇ ಮಾಡುತ್ತಿದ್ದಾರೆ, ಅದು ಬೇರೆ ಮಾತು. ಕಚೇರಿಯ ವಿಮೆ ಬಿಟ್ಟು ಇಬ್ಬರಿಗೂ ಸ್ವಂತ ಆರೋಗ್ಯ ವಿಮೆ ಇದೆಯಾ? ಇಲ್ಲದಿದ್ದರೆ ಈ 4.5 ಲಕ್ಷದಲ್ಲಿ ಮೊದಲ ಪಾಲು ಅದಕ್ಕೆ.

ಸ್ವಾರ್ಥಿಯಾ ಎಂದು ಕೇಳಿದಿರಿ. ಅಲ್ಲ. 25 ವರ್ಷ ಕಟ್ಟಬೇಕಾದ ದುಡ್ಡಿನಲ್ಲಿ ಅರ್ಧ ನಿಮ್ಮದು, ಬೇಡ ಎನ್ನುವ ಹಕ್ಕೂ ನಿಮಗಿದೆ.

ಇಷ್ಟೆಲ್ಲ ಮಾತಾಡಿದಮೇಲೂ ಪತಿಗೆ ಬೇಕೇ ಬೇಕು ಅನ್ನಿಸಿದರೆ, ಆಗಲೂ ಇವತ್ತೇ ಅಲ್ಲ. ‘ಈ ದರ ಇವತ್ತಿಗೆ ಮಾತ್ರ’ ಎಂದು ಹೇಳಿದವರು ಮುಂದಿನ ತಿಂಗಳೂ ಅದೇ ದರಕ್ಕೆ ಕೊಡುತ್ತಾರೆ, ಬಹುಶಃ ಇನ್ನೂ ಕಮ್ಮಿಗೆ. ಅದೇ ಕಂಪನಿಯ ರೆಸಾರ್ಟಿನಲ್ಲಿ ಒಮ್ಮೆ ದುಡ್ಡು ಕೊಟ್ಟು ಮೂರು ದಿನ ಇದ್ದು ಬನ್ನಿ. ಅಲ್ಲಿ ಬೆಳಗಿನ ತಿಂಡಿ ಹೊತ್ತಿನಲ್ಲಿ ಪಕ್ಕದ ಮೇಜಿನ ಸದಸ್ಯರನ್ನು ಕೇಳಿ: ಬೇಕಾದ ದಿನ ಸಿಗುತ್ತಾ, ಎಷ್ಟು ಮೊದಲೇ ಬುಕ್ ಮಾಡಬೇಕು, ಶುಲ್ಕ ಎಷ್ಟು ಏರಿದೆ. ಕೊಳ್ಳುವುದೇ ಆದರೆ ಇಬ್ಬರಿಗೆ ಸಾಕಾಗುವ ಸ್ಟುಡಿಯೋ, ಅಗ್ಗದ ಸೀಸನ್ನು. ಏಳು ರಾತ್ರಿಯನ್ನು ಬಿಡಿಬಿಡಿಯಾಗಿ ಬಳಸಬಹುದು, ಬಳಸದ ರಾತ್ರಿ ಮುಂದಿನ ವರ್ಷಕ್ಕೆ ಹೋಗುತ್ತದೆ ಎಂದು ಬರಹದಲ್ಲಿ ಇದ್ದರೆ ಮಾತ್ರ. ಕಂಪನಿ ಒಪ್ಪಿ ಹೆಸರು ಬದಲಾಯಿಸಿಕೊಡುವುದಾದರೆ ಮಾರಾಟಕ್ಕಿರುವ ಯಾರದ್ದಾದರೂ ಹಳೆಯ ಮೆಂಬರ್‌ಶಿಪ್ ತಗೊಳ್ಳಿ, ಹೊಸದಕ್ಕಿಂತ ಎಷ್ಟೋ ಕಮ್ಮಿಗೆ ಸಿಗುತ್ತದೆ. ಹಾಗೆ ತಗೊಳ್ಳುವ ಮುಂಚೆ ಹಿಂದಿನವರು ನಿರ್ವಹಣಾ ಶುಲ್ಕ ಬಾಕಿ ಉಳಿಸಿಲ್ಲ ಎಂದು ಕಂಪನಿಯಿಂದಲೇ ಬರೆಸಿಕೊಳ್ಳಿ.